ವಿಮಾ ಕಚೇರಿಯ ಮುಖಗೋಡೆಯ ಮೇಲೆ ರೈತ, ಕುಂಬಾರ, ನೂಲುವ ಹೆಂಗಸು

ಪ್ರಶ್ನೆ: ರಾಯಚೂರಿನ ಗಂಜ್‌ನಲ್ಲಿ ನಮ್ಮದು ಹತ್ತಿಯ ಅಡತಿ ವ್ಯಾಪಾರ. ಈಚೆಗೆ ಮುಂಬೈಗೆ ಹೋಗಿದ್ದಾಗ ಫೋರ್ಟ್ ಭಾಗದ ಮಹಾತ್ಮ ಗಾಂಧಿ ರಸ್ತೆಯಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಕಚೇರಿ ಕಟ್ಟಡವನ್ನು ನೋಡಿದೆ. ಅದರ ಮುಖಗೋಡೆಯ ಮೇಲೆ ರೈತರು, ಕುಂಬಾರರು, ನೂಲುವ ಹೆಂಗಸರು ಉಬ್ಬುಶಿಲ್ಪದಲ್ಲಿದ್ದಾರೆ. ಎತ್ತರದಲ್ಲಿ ನಿಂತ ದೊಡ್ಡ ಮೂರ್ತಿಗಳು ಮಾತ್ರ ಈಜಿಪ್ಟ್ ದೇಶದವುಗಳಂತೆ ಕಾಣುತ್ತವೆ. ವಿಮಾ ಕಂಪನಿಗೂ ಇವಕ್ಕೂ ಏನು ಸಂಬಂಧ? ಆ ಕಟ್ಟಡದ ಇತಿಹಾಸವನ್ನು ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ರಾಯಚೂರು

ಉತ್ತರ: ತಾವು ನೋಡಿದ ಕಟ್ಟಡ 1936ರ ಸುಮಾರಿನದು. ಅಂದು ಆ ರಸ್ತೆಗೆ ಎಸ್ಪ್ಲನೇಡ್ ರಸ್ತೆ ಎಂಬ ಹೆಸರಿತ್ತು. ಕಟ್ಟಡದ ವಿನ್ಯಾಸ ಮಾಸ್ಟರ್, ಸಾಠೆ ಮತ್ತು ಭುತಾ ಎಂಬ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯದು, ಶಿಲ್ಪಗಳು ಎನ್. ಜಿ. ಪಾನ್ಸರೆ ಅವರವು. ಮುಂಬೈಯ ಆರ್ಟ್ ಡೆಕೊ ಶೈಲಿಯ ಕಚೇರಿ ಕಟ್ಟಡಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಎಣಿಸುವುದು ವಾಡಿಕೆ. ಆದರೆ ತಮ್ಮ ಪ್ರಶ್ನೆ ಶೈಲಿಗಿಂತ ಹೆಚ್ಚಾಗಿ ಸಂಬಂಧದ ಕುರಿತಾದದ್ದರಿಂದ, ಕಂಪನಿಯ ಕಥೆಯಿಂದಲೇ ಆರಂಭಿಸುವುದು ಸೂಕ್ತ.

ನ್ಯೂ ಇಂಡಿಯಾ ಕಂಪನಿಯನ್ನು ಸರ್ ದೊರಾಬ್ಜಿ ಟಾಟಾ ಅವರು 1919ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದರು. ಮರುವರ್ಷವೇ ಅದು ಲಂಡನ್ನಿನಲ್ಲಿ ಕಚೇರಿ ತೆರೆಯಿತು. ಗೋದಾಮಿನ ಬೆಂಕಿ, ಹಡಗಿನ ಸರಕು ಮುಂತಾದವುಗಳ ವಿಮೆ ಅಂದು ಹೆಚ್ಚುಪಾಲು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಹತ್ತಿಯ ವ್ಯಾಪಾರಿಯಾದ ತಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಒತ್ತಿದ ಅಂಡಿಗೆಗಳು ತುಂಬಿದ ಗೋದಾಮಿಗೆ ಒಂದು ಕಿಡಿ ಬಿದ್ದರೆ ವರ್ಷದ ದುಡಿಮೆ ಬೂದಿಯಾಗುತ್ತದೆ. ಆ ಅಪಾಯವನ್ನು ಹೊರುವ ಸಂಸ್ಥೆ ಪರದೇಶದ್ದಾಗಿದ್ದರೆ, ಅದಕ್ಕೆ ತೆತ್ತ ಪ್ರೀಮಿಯಂ ಹಣವೂ ಪರದೇಶದಲ್ಲೇ ಹೂಡಿಕೆಯಾಗುತ್ತದೆ. ಸ್ವದೇಶಿ ಚಳವಳಿಯ ಕಾಲದಿಂದ ಭಾರತೀಯ ವಿಮಾ ಕಂಪನಿಗಳು ಒಂದರ ಹಿಂದೊಂದರಂತೆ ಹುಟ್ಟಿಕೊಂಡದ್ದಕ್ಕೆ ಈ ಅಸಮಾಧಾನವೂ ಒಂದು ಕಾರಣ.

ಹುಟ್ಟಿದವುಗಳೆಲ್ಲ ಬದುಕಲಿಲ್ಲ. ವಿಮಾ ವ್ಯಾಪಾರದ ವಿಚಿತ್ರವೇನೆಂದರೆ, ಗಿರಾಕಿ ಇಂದು ಹಣ ಕೊಟ್ಟು ಇಪ್ಪತ್ತೋ ಮೂವತ್ತೋ ವರ್ಷಗಳ ಅನಂತರ ಈಡೇರಬೇಕಾದ ಒಂದು ಮಾತನ್ನು ಕೊಳ್ಳುತ್ತಾನೆ. ಆ ಹೊತ್ತಿಗೆ ಕಂಪನಿಯೇ ಉಳಿದಿರದಿದ್ದರೆ ಅವನ ಕೈಯಲ್ಲಿ ಉಳಿಯುವುದು ಬರಿಯ ಕಾಗದ. ದೇಶದ ಎಲ್ಲ ವಿಮಾ ವ್ಯವಹಾರವನ್ನು ಒಂದು ಕಟ್ಟುನಿಟ್ಟಾದ ಚೌಕಟ್ಟಿಗೆ ತಂದ ವಿಮಾ ಕಾಯಿದೆ ಬಂದದ್ದು 1938ರಲ್ಲಿ. ಅಂದರೆ, ಈ ಕಟ್ಟಡ ಏಳುತ್ತಿದ್ದ ದಿನಗಳಲ್ಲಿ ಒಂದು ಕಂಪನಿ ಗಟ್ಟಿಯೋ ಜೊಳ್ಳೋ ಎಂಬುದನ್ನು ಸಾಮಾನ್ಯ ಗಿರಾಕಿ ಹೆಚ್ಚಾಗಿ ಅದರ ಹೆಸರು, ಏಜೆಂಟನ ಮಾತು ಮತ್ತು ಕಚೇರಿಯ ನಿಲುವನ್ನು ನೋಡಿಯೇ ನಿರ್ಧರಿಸಬೇಕಾಗಿತ್ತು. ಮಾರಾಟಕ್ಕೆ ಇಟ್ಟಿರುವುದನ್ನು ಮುಟ್ಟಿ ನೋಡಲಾಗದ ವ್ಯಾಪಾರದಲ್ಲಿ ಮುಟ್ಟಿ ನೋಡಬಹುದಾಗಿದ್ದ ವಸ್ತುವೆಂದರೆ ಕಟ್ಟಡವೊಂದೇ. ಈ ಮುಖಗೋಡೆಯ ಮೇಲೆ ಅಷ್ಟೊಂದು ಶ್ರಮ, ಅಷ್ಟೊಂದು ಶಿಲ್ಪ ಸುರಿದದ್ದಕ್ಕೆ ಮೂಲ ಕಾರಣ ಇದೇ ಎಂಬುದು ನನ್ನ ತಿಳಿವಳಿಕೆ. ಕಲಾಭಿಮಾನ ಇದ್ದಿರಲೂಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕಪತ್ರ ಬಲ್ಲ ನಿರ್ದೇಶಕ ಮಂಡಳಿಗಳು ಬರಿಯ ಕಲಾಭಿಮಾನಕ್ಕೆ ಹಣ ಬಿಚ್ಚುವುದು ಅಪರೂಪ. ಸಂಗ್ರಹವಾದ ಪ್ರೀಮಿಯಂ ಹಣವನ್ನು ನಗರದ ಮಧ್ಯದ ಆಸ್ತಿಯಲ್ಲಿ ತೊಡಗಿಸುವುದು ಭದ್ರವಾದ ಹೂಡಿಕೆಯೂ ಆಗಿತ್ತು. ಆದ್ದರಿಂದಲೇ 1930ರ ದಶಕದ ಫೋರ್ಟ್ ಪ್ರದೇಶದಲ್ಲಿ ದೊಡ್ಡ ಕಚೇರಿಗಳನ್ನು ಕಟ್ಟಿಸಿದವರ ಪಟ್ಟಿಯಲ್ಲಿ ವಿಮಾ ಕಂಪನಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಲ್ಲಿಂದ ಸ್ವಲ್ಪ ದೂರದ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿ ಲಾಹೋರಿನ ಲಕ್ಷ್ಮಿ ವಿಮಾ ಕಂಪನಿ ಕಟ್ಟಿಸಿದ ಲಕ್ಷ್ಮಿ ಬಿಲ್ಡಿಂಗ್ ಇದೆ. ಅದೂ ಆರ್ಟ್ ಡೆಕೊ ಶೈಲಿಯದೇ. ಅದರ ಗಡಿಯಾರದ ಗೋಪುರದ ತುದಿಯಲ್ಲಿ ಸಾಕ್ಷಾತ್ ಲಕ್ಷ್ಮಿಯನ್ನೇ ನಿಲ್ಲಿಸಲಾಗಿದೆ. ಮುಂದಿನ ಸಲ ಹೋದಾಗ ತಲೆಯೆತ್ತಿ ನೋಡಿ.

ಇನ್ನು ಶೈಲಿಯ ವಿಚಾರ. 1925ರಲ್ಲಿ ಪ್ಯಾರಿಸ್ ನಗರದಲ್ಲಿ ಅಲಂಕಾರ ಕಲೆ ಹಾಗೂ ಆಧುನಿಕ ಕೈಗಾರಿಕಾ ಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಆರ್ಟ್ ಡೆಕೊ ಎಂದು ಈಗ ಕರೆಯುವ ಶೈಲಿಯ ಹೆಸರಿಗೆ ಮೂಲ ಆ ಪ್ರದರ್ಶನ. ಹೆಸರು ಬಳಕೆಗೆ ಬಂದದ್ದು ಮಾತ್ರ 1960ರ ದಶಕದ ಕೊನೆಯಲ್ಲಿ. ಆ ಪ್ರದರ್ಶನಕ್ಕೂ ಮೂರು ವರ್ಷ ಮೊದಲು, 1922ರ ನವೆಂಬರ್‌ನಲ್ಲಿ, ಹೊವಾರ್ಡ್ ಕಾರ್ಟರ್ ಈಜಿಪ್ಟಿನಲ್ಲಿ ತುತಾಂಖಾಮನ್ ದೊರೆಯ ಸಮಾಧಿಯನ್ನು ಪತ್ತೆಹಚ್ಚಿದ್ದರು. ಆ ಸುದ್ದಿ ಮತ್ತು ಚಿತ್ರಗಳು ಪತ್ರಿಕೆಗಳ ಮೂಲಕ ಜಗತ್ತೆಲ್ಲ ಹರಡಿ, ಒಡವೆಯಿಂದ ಹಿಡಿದು ಚಿತ್ರಮಂದಿರದವರೆಗೆ ಈಜಿಪ್ಟಿನ ಗೆರೆಗಳು ಕಾಣಿಸಿಕೊಳ್ಳತೊಡಗಿದವು. ನೇರವಾಗಿ, ಬಿಗಿಯಾಗಿ, ಎದುರು ನೋಡುತ್ತ ನಿಂತ ಮಾನವಾಕೃತಿ ಈ ಶೈಲಿಗೆ ಒಗ್ಗಿಹೋದದ್ದು ಹೀಗೆ. ತಮ್ಮ ಕಣ್ಣಿಗೆ ಬಿದ್ದ ಎತ್ತರದ ಮೂರ್ತಿಗಳ ನಿಲುವು ಅಲ್ಲಿಂದ ಬಂದದ್ದು. ಕೆಳಗಿನ ಫಲಕಗಳಲ್ಲಿರುವ ಜನ ಮಾತ್ರ ನಮ್ಮ ಹೊಲದವರು, ನಮ್ಮ ಸಂತೆಯವರು.

ಈ ಜೋಡಣೆ ನನಗೆ ಬಹಳ ಕುತೂಹಲಕರವಾಗಿ ತೋರುತ್ತದೆ. 1936ರಲ್ಲಿ ಫೋರ್ಟ್‌ನ ಕಚೇರಿಗೆ ಬಂದು ಪಾಲಿಸಿ ಕೊಳ್ಳುತ್ತಿದ್ದವರು ಗಿರಣಿ ಮಾಲೀಕರು, ವರ್ತಕರು, ವಕೀಲರು, ಸಂಬಳದಾರರು. ನೇಗಿಲು ಹಿಡಿದವನು ಆ ಮೆಟ್ಟಿಲು ಹತ್ತಿದ್ದು ಕಡಿಮೆ. ಹಾಗಿದ್ದರೂ ಅವನನ್ನೇ ಗೋಡೆಯ ಮೇಲೆ ಕೆತ್ತಿಸಿದ್ದೇಕೆ ಎಂದರೆ, ಅಲ್ಲಿ ಅವನು ಗಿರಾಕಿಯಾಗಿ ನಿಂತಿಲ್ಲ, ದೇಶದ ಪ್ರತಿನಿಧಿಯಾಗಿ ನಿಂತಿದ್ದಾನೆ. ಕಾಲವನ್ನು ನೆನಪಿಸಿಕೊಳ್ಳಿ: 1930ರಲ್ಲಿ ಉಪ್ಪಿನ ಸತ್ಯಾಗ್ರಹ, ಖಾದಿ ಮತ್ತು ಗ್ರಾಮೋದ್ಯೋಗಗಳ ಪ್ರಚಾರ, 1935ರಲ್ಲಿ ಹೊಸ ಭಾರತ ಸರ್ಕಾರ ಕಾಯಿದೆ. ಕಂಪನಿಯ ಹೆಸರಿನಲ್ಲೇ ಹೊಸ ಭಾರತವಿತ್ತು. ಆ ಹೊಸ ಭಾರತ ಎಂಥದ್ದು ಎಂಬುದನ್ನು ತೋರಿಸಬೇಕಾದಾಗ ಶಿಲ್ಪಿಗೆ ನೂಲುವ ಹೆಂಗಸು, ಮಣ್ಣು ತಿಗುರಿಗೆ ಹಾಕುವ ಕುಂಬಾರ, ತಲೆಯ ಮೇಲೆ ಹೊರೆ ಹೊತ್ತವರು ಒದಗಿದರು. ಕಟ್ಟಡದ ಮೈ ಮಾತ್ರ ಹಳ್ಳಿಯದಲ್ಲ; ನೆಲದಿಂದ ಮೇಲಿನವರೆಗೆ ಏಕಪ್ರಕಾರವಾಗಿ ಏರುವ ಲಂಬ ಪಟ್ಟಿಗಳು ನ್ಯೂಯಾರ್ಕಿನ ಕಚೇರಿಗಳನ್ನು ನೆನಪಿಗೆ ತರುತ್ತವೆ. ಜಗತ್ತಿನ ಯಾವ ನಗರದಲ್ಲಾದರೂ ತಲೆಯೆತ್ತಿ ನಿಲ್ಲಬಲ್ಲೆವು, ಆದರೂ ನಾವು ಈ ನೆಲದವರು, ಎಂಬ ಎರಡು ಮಾತುಗಳನ್ನು ಒಂದೇ ಗೋಡೆಯಿಂದ ಹೇಳಿಸಲಾಗಿದೆ. ಸೂಟು ಬೂಟಿನ ವರ್ತಕ ವರ್ಗ ಶ್ರಮಜೀವಿಯ ಚಿತ್ರವನ್ನು ತನ್ನ ಬಾಗಿಲ ಮೇಲೆ ಇಟ್ಟುಕೊಂಡದ್ದರಲ್ಲಿ ಸ್ವಲ್ಪ ನಾಟಕೀಯತೆ ಇದೆ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ಎದುರಿಗೇ ಇದ್ದ ಹಳೆಯ ಗಾಥಿಕ್ ಕಟ್ಟಡಗಳ ದಾರಿಯನ್ನು ಬಿಟ್ಟು, ಸರ್ಕಾರದ ಅಪ್ಪಣೆಯಿಲ್ಲದೆ, ಭಾರತೀಯ ಕಂಪನಿ, ಭಾರತೀಯ ವಾಸ್ತುಶಿಲ್ಪಿ, ಭಾರತೀಯ ಶಿಲ್ಪಿ ಸೇರಿ ಇಷ್ಟು ದೊಡ್ಡದನ್ನು ಎತ್ತಿ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ.

ಇದಕ್ಕೆ ಬೇಕಾದ ತಂತ್ರಜ್ಞಾನವೂ ಅದೇ ಕಾಲಕ್ಕೆ ಕೈಗೆಟುಕಿತು. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಭಾರವನ್ನೆಲ್ಲ ಹೊರುವುದು ದಪ್ಪ ಕಲ್ಲಿನ ಗೋಡೆ. ಆದ್ದರಿಂದ ಕಿಟಕಿ ಚಿಕ್ಕದು, ಕೋಣೆಯ ಅಗಲ ತೊಲೆಯ ಉದ್ದಕ್ಕೆ ಸೀಮಿತ. ಕಬ್ಬಿಣದ ಸರಳಿನ ಕಾಂಕ್ರೀಟಿನಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆಗಳ ಚೌಕಟ್ಟು. ಗೋಡೆ ಬರಿಯ ಮರೆ. ನೂರಾರು ಗುಮಾಸ್ತರು ಒಂದೇ ಹಜಾರದಲ್ಲಿ ಕೂತು ಲೆಡ್ಜರು ಬರೆಯಬೇಕಾದ ವಿಮಾ ಕಚೇರಿಗೆ ಇಂಥ ತೆರೆದ ಅಂತಸ್ತುಗಳೇ ಬೇಕಾಗಿದ್ದವು. ದೇಶದ ಸಿಮೆಂಟ್ ಕಂಪನಿಗಳು ಒಗ್ಗೂಡಿ ಎ.ಸಿ.ಸಿ. ಎಂಬ ಒಂದೇ ಸಂಸ್ಥೆಯಾದದ್ದೂ 1936ರಲ್ಲಿಯೇ. ಹಾಗೆ ಒಂದಾದವುಗಳಲ್ಲಿ ಕಲಬುರಗಿ ಸೀಮೆಯ ಶಹಾಬಾದ್ ಸಿಮೆಂಟ್ ಕಂಪನಿಯೂ ಸೇರಿತ್ತು. ತಾವು ರಾಯಚೂರಿನಲ್ಲಿ ಹತ್ತಿದ ಮುಂಬೈ ರೈಲು ವಾಡಿ ದಾಟಿದ ಮೇಲೆ ಸಿಗುವ ಶಹಾಬಾದ್ ಅದು. ಸಿಮೆಂಟ್ ಮಾರುವವರು ಕಾಂಕ್ರೀಟ್ ಮನೆಗಳ ಜಾಹೀರಾತು, ಕಿರುಹೊತ್ತಗೆಗಳನ್ನು ಹಂಚಿ ಹೊಸ ಶೈಲಿಯನ್ನು ಜನಪ್ರಿಯಗೊಳಿಸಿದರು. ವಾಸ್ತುಶಿಲ್ಪಿಗಳೂ ಸುಮ್ಮನಿರಲಿಲ್ಲ, 1937ರ ನವೆಂಬರ್‌ನಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯವರು ಮುಂಬೈಯ ಟೌನ್ ಹಾಲ್‌ನಲ್ಲಿ ಆದರ್ಶ ಗೃಹ ಪ್ರದರ್ಶನವನ್ನು ಏರ್ಪಡಿಸಿದ್ದರು.

ಕಟ್ಟಡದ ಮುಂದಿನ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. 1956ರಲ್ಲಿ ಸರ್ಕಾರ 245 ವಿಮಾ ಸಂಸ್ಥೆಗಳ ಜೀವವಿಮಾ ವ್ಯವಹಾರವನ್ನು ವಶಕ್ಕೆ ತೆಗೆದುಕೊಂಡು ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮವನ್ನು ಸ್ಥಾಪಿಸಿದಾಗ ನ್ಯೂ ಇಂಡಿಯಾದ ಜೀವವಿಮೆಯ ಭಾಗವೂ ಅದಕ್ಕೆ ಸೇರಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆಯೂ ರಾಷ್ಟ್ರೀಕರಣಗೊಂಡು, 107 ಕಂಪನಿಗಳು ನಾಲ್ಕು ಕಂಪನಿಗಳಲ್ಲಿ ಲೀನವಾದವು. ಆ ನಾಲ್ಕರಲ್ಲಿ ಮುಂಬೈಯದು ನ್ಯೂ ಇಂಡಿಯಾ. ಒಡೆತನ ಬದಲಾದರೂ ಪ್ರಧಾನ ಕಚೇರಿ ಅದೇ ಕಟ್ಟಡದಲ್ಲಿ ಉಳಿಯಿತು. ಇಂಥ ಕಟ್ಟಡಗಳಲ್ಲಿ ಹಲವು ಇಂದು ಬೇರೆ ಬೇರೆ ಉಪಯೋಗಕ್ಕೆ ಹಂಚಿಹೋಗಿ ಒಳಗೆಲ್ಲ ಪ್ಲೈವುಡ್ಡಿನ ಗೋಡೆಗಳಿಂದ ತುಂಬಿರುವಾಗ, ಕಟ್ಟಿಸಿದ ಸಂಸ್ಥೆಯೇ ಕಟ್ಟಿಸಿದ ಉದ್ದೇಶಕ್ಕೇ ಬಳಸುತ್ತಿರುವುದು ಅದರ ಭಾಗ್ಯ ಎನ್ನಬೇಕು.

ಪ್ರಶ್ನೆ: ಆರ್ಟ್ ಡೆಕೊ ಎಂದರೆ ಎಲ್ಲರೂ ಮುಂಬೈಯನ್ನೇ ಹೇಳುತ್ತಾರೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ನಮ್ಮ ತಾತನವರು ಕೋರ್ಟಿನ ಕೆಲಸಕ್ಕೆ ಮದ್ರಾಸಿಗೆ ಹೋದಾಗ ಹೈಕೋರ್ಟಿನ ಎದುರಿಗಿನ ಪ್ಯಾರೀಸ್ ಕಾರ್ನರ್‌ನ ದೊಡ್ಡ ಕಚೇರಿಯನ್ನು ನೋಡಿದ್ದನ್ನು ಹೇಳುತ್ತಿದ್ದರು. ಅದೂ ಇದೇ ಶೈಲಿಯದೇ?
— ಓದುಗರೊಬ್ಬರು, ಬ್ರೂಸ್‌ಪೇಟೆ, ಬಳ್ಳಾರಿ

ಉತ್ತರ: ಹೌದು, ನಿಮ್ಮ ತಾತನವರು ಹೇಳುತ್ತಿದ್ದ ಕಟ್ಟಡದ ಹೆಸರು ಡೇರ್ ಹೌಸ್. ಅದು ಪೂರ್ಣಗೊಂಡದ್ದು 1940ರಲ್ಲಿ. ಥಾಮಸ್ ಪ್ಯಾರಿ ಎಂಬ ವೇಲ್ಸ್ ಮೂಲದ ವರ್ತಕ 1788ರಲ್ಲಿ ಮದ್ರಾಸಿನಲ್ಲಿ ವ್ಯಾಪಾರ ಆರಂಭಿಸಿದ. ಆ ಮೂಲೆಗೆ ಅವನ ಹೆಸರೇ ಅಂಟಿಕೊಂಡಿತು. ಕಟ್ಟಡಕ್ಕೆ ಇಟ್ಟದ್ದು ಅವನ ಪಾಲುದಾರ ಜಾನ್ ವಿಲಿಯಂ ಡೇರ್ ಅವರ ಹೆಸರನ್ನು. 1981ರಲ್ಲಿ ಕಂಪನಿ ಮುರುಗಪ್ಪ ಸಮೂಹದ ಕೈಗೆ ಬಂದಿತು.

ಶೈಲಿ ಒಂದೇ ಆದರೂ ಮನೋಧರ್ಮ ಬೇರೆ. ರಸ್ತೆಯಾಚೆಗಿನ ಹೈಕೋರ್ಟ್ 1892ರದು. ಕೆಂಪು ಇಟ್ಟಿಗೆ, ಗುಮ್ಮಟ, ಮಿನಾರು, ಬಣ್ಣದ ಗಾಜುಗಳ ಇಂಡೋ-ಸಾರ್ಸೆನಿಕ್ ವೈಭವ. ಅದರ ಮುಂದೆ ಡೇರ್ ಹೌಸ್ ಕಡಿಮೆ ಮಾತಿನ, ಕಡಿಮೆ ಅಲಂಕಾರದ ಕಚೇರಿಯಾಗಿ ನಿಂತಿದೆ. ರೈತನೂ ಇಲ್ಲ, ಕುಂಬಾರನೂ ಇಲ್ಲ. ಹಿಂದಿನ ಉತ್ತರದಲ್ಲಿ ವಿಶ್ವಾಸದ ಮಾತು ಬಂತಲ್ಲ, ಅದನ್ನು ಇಲ್ಲಿಗೂ ಅನ್ವಯಿಸಬಹುದು. ಡೇರ್ ಹೌಸ್ ಎದ್ದಾಗ ಪ್ಯಾರಿ ಕಂಪನಿಗೆ ಒಂದೂವರೆ ಶತಮಾನ ತುಂಬಿತ್ತು. ತಾನು ಯಾರೆಂಬುದನ್ನು ಅದು ಗೋಡೆಯ ಮೇಲೆ ಕೆತ್ತಿಸಬೇಕಾಗಿರಲಿಲ್ಲ. ನ್ಯೂ ಇಂಡಿಯಾಕ್ಕೆ ತನ್ನ ಕಟ್ಟಡ ಎದ್ದಾಗ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಮದ್ರಾಸಿನಲ್ಲಿ ಎರಡರ ನಡುವಿನ ದಾರಿ ಹಿಡಿದವರೂ ಇದ್ದರು. ವಾಸ್ತುಶಿಲ್ಪಿ ಎಲ್. ಎಂ. ಚಿತಳೆ ಅವರು 1930ರ ದಶಕದಲ್ಲಿ ಜಾರ್ಜ್ ಟೌನಿನಲ್ಲಿ ವಿನ್ಯಾಸಗೊಳಿಸಿದ ಓರಿಯೆಂಟಲ್ ವಿಮಾ ಕಂಪನಿಯ ಕಟ್ಟಡದಲ್ಲಿ ಡೆಕೊ ಗೆರೆಗಳ ಜೊತೆಗೆ ಭಾರತೀಯ ಮಂಟಪದ ಆಕಾರಗಳು ಬೆರೆತಿವೆ. ಅಲ್ಲಿಯೂ ಕಟ್ಟಿಸಿದ್ದು ವಿಮಾ ಕಂಪನಿಯೇ ಎಂಬುದನ್ನು ಗಮನಿಸಿ.

ಪ್ರಶ್ನೆ: ನಮ್ಮ ಭಾಗ ನಿಜಾಮರ ರಾಜ್ಯದಲ್ಲಿತ್ತು, ಮುಂಬೈ, ಮದ್ರಾಸು ಎರಡೂ ದೂರ. ಕೊಪ್ಪಳ, ಗಂಗಾವತಿಯಂಥ ಊರುಗಳಲ್ಲಿ ಈ ಶೈಲಿಯ ಛಾಯೆಯಿರುವ ಕಟ್ಟಡಗಳಿದ್ದರೆ ಗುರುತಿಸುವುದು ಹೇಗೆ? ಅವುಗಳಿಗೆ ಕಾನೂನಿನ ರಕ್ಷಣೆ ಇದೆಯೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಮೊದಲು ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ನಮ್ಮ ಭಾಗದಲ್ಲಿ ಕಾಂಕ್ರೀಟ್ ಬಳಕೆ ನಿಧಾನವಾಗಿ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಮೆಂಟಿನ ಮೇಲೆ ಸರ್ಕಾರದ ಹತೋಟಿಯಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡಕ್ಕೇ ಮುಖ್ಯವಾಗಿ ಬಳಸಿದ್ದು ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದ ಸುರ್ಕಿ ಗಾರೆ. ಆದ್ದರಿಂದ ಇಲ್ಲಿ ಪೂರ್ಣಪ್ರಮಾಣದ ಡೆಕೊ ಕಟ್ಟಡ ಹುಡುಕುವುದಕ್ಕಿಂತ, ಕಲ್ಲು ಅಥವಾ ಇಟ್ಟಿಗೆಯ ಕಟ್ಟಡದ ಮುಂಭಾಗಕ್ಕೆ ಮಾತ್ರ ಹೊಸ ಗೆರೆಗಳನ್ನು ತೊಡಿಸಿದ ಅಂಗಡಿ, ಗಿರಣಿ ಕಚೇರಿ, ಟಾಕೀಸು, ಲಾಡ್ಜುಗಳನ್ನು ಹುಡುಕುವುದು ಒಳ್ಳೆಯದು. ಮಹಾನಗರದಲ್ಲಿ ಕಂಡದ್ದನ್ನು ಮಾಲೀಕ ಬಾಯಲ್ಲಿ ವಿವರಿಸಿದರೆ, ಗೌಂಡಿ ತನ್ನ ಕೈಚಳಕದಿಂದ ಅದನ್ನು ಗಾರೆಯಲ್ಲಿ ಮೂಡಿಸಿಬಿಡುತ್ತಿದ್ದ. ಈ ಮಾದರಿಯ ಕಟ್ಟಡಗಳು 1950ರ, 1960ರ ದಶಕದವರೆಗೂ ಸಣ್ಣ ಊರುಗಳಲ್ಲಿ ಏಳುತ್ತಲೇ ಇದ್ದವು.

ನೋಡಬೇಕಾದದ್ದು ಮೊದಲು ಪ್ಯಾರಾಪೆಟ್. ಅದು ಮಧ್ಯದಲ್ಲಿ ಎತ್ತರವಾಗಿ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ, ಅಲ್ಲಿ ಸಿಮೆಂಟಿನ ಉಬ್ಬಕ್ಷರದಲ್ಲಿ ಹೆಸರು ಮತ್ತು ಇಸವಿ ಇದ್ದರೆ, ಅರ್ಧ ಕೆಲಸ ಮುಗಿದಂತೆ. ಕಿಟಕಿಗಳ ಮೇಲಿನ ಸಜ್ಜಾ ಒಂದೊಂದು ಕಿಟಕಿಗೂ ಬೇರೆಯಾಗಿರದೆ ಪಟ್ಟಿಯಂತೆ ಗೋಡೆಯುದ್ದಕ್ಕೂ ಹರಿದು, ಮೂಲೆಯಲ್ಲಿ ಚೂಪಾಗದೆ ದುಂಡಗೆ ತಿರುಗುತ್ತದೆ. ಸಮಾನಾಂತರವಾದ ಮೂರು ಗೆರೆಗಳು ಜೊತೆಯಾಗಿ ಬರುವುದು ಈ ಶೈಲಿಯ ದೊಡ್ಡ ಚಾಳಿ. ಕಬ್ಬಿಣದ ಗ್ರಿಲ್ಲಿನಲ್ಲಿ ಉದಯಿಸುವ ಸೂರ್ಯನ ಕಿರಣಗಳೋ ಅಲೆಗಳೋ ಇದ್ದಾವು. ಒಳಗೆ ಮೊಜಾಯಿಕ್ ನೆಲದ ಅಂಚಿನಲ್ಲಿ ಜ್ಯಾಮಿತಿಯ ಪಟ್ಟಿಗಳಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರಿಯ ಒಂದು ಲಕ್ಷಣ ಕಂಡಿತೆಂದು ಆರ್ಟ್ ಡೆಕೊ ಎಂದು ಘೋಷಿಸುವ ಉತ್ಸಾಹ ಮಾತ್ರ ಬೇಡ. ಈಚಿನ ವರ್ಷಗಳಲ್ಲಿ ಆ ಹೆಸರು ಸ್ವಲ್ಪ ಅಗ್ಗವಾಗಿದೆ.

ಕಾನೂನಿನ ವಿಚಾರದಲ್ಲಿ ಉತ್ತರ ನಿರಾಶೆಯದೇ. 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸ್ಮಾರಕ ಎನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. 1930ರ ದಶಕದ ಕಟ್ಟಡಗಳು ಆ ಗಡಿಯನ್ನು ಇನ್ನೂ ಮುಟ್ಟಿಲ್ಲ. 1950ರ ದಶಕದವಂತೂ ಬಹಳ ದೂರ. ಮುಂಬೈ ಈ ತೊಡಕನ್ನು ನಗರ ಯೋಜನೆಯ ಮೂಲಕ ದಾಟಿತು: 1995ರಲ್ಲಿ ಬಂದ ಪರಂಪರೆ ನಿಯಮಾವಳಿ, ವಯಸ್ಸನ್ನೊಂದೇ ನೋಡದೆ ನಗರದ ಗಣ್ಯ ಕಟ್ಟಡಗಳನ್ನು ಶ್ರೇಣಿವಾರು ಪಟ್ಟಿ ಮಾಡಿ, ಬದಲಾವಣೆಗೆ ಸಮಿತಿಯ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮುಚ್ಚಯವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಹಿನ್ನೆಲೆಯಾಗಿ ಇಂಥ ಸ್ಥಳೀಯ ರಕ್ಷಣೆ ಆಗಲೇ ಇತ್ತು. ನಮ್ಮ ಊರುಗಳಲ್ಲಿ ಸದ್ಯಕ್ಕೆ ಕಟ್ಟಡ ಉಳಿಯುವುದು, ಅಳಿಯುವುದು ಮಾಲೀಕರ ಮನಸ್ಸಿಗೆ ಬಿಟ್ಟದ್ದು.

ಮಾಲೀಕರೇ ಕೇಳಿದರೆ ಹೇಳಬಹುದಾದ ಎರಡು ಸಂಗತಿಗಳಿವೆ. ಹಳೆಯ ಸಜ್ಜಾದ ಕೆಳಗಿನಿಂದ ಕಾಂಕ್ರೀಟ್ ಚಕ್ಕೆ ಉದುರುತ್ತಿದ್ದರೆ ಅದು ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದ್ದರ ಗುರುತು. ಮೇಲೆ ಬರಿಯ ಗಾರೆ ಮೆತ್ತಿದರೆ ರೋಗ ಒಳಗೇ ಬೆಳೆಯುತ್ತದೆ, ತುಕ್ಕನ್ನು ಉಜ್ಜಿ ತೆಗೆದು ಸರಳನ್ನು ಬಲಪಡಿಸಿದ ಮೇಲೆಯೇ ಗಾರೆ ಹಾಕಿಸಬೇಕು. ಎರಡನೆಯದು, ಮುಂಭಾಗವನ್ನು ಹೊಸದಾಗಿ ಕಾಣಿಸಲು ಅಲ್ಯೂಮಿನಿಯಂ ಹೊದಿಕೆಯ ಎ.ಸಿ.ಪಿ. ಹಲಗೆ ಹೊಡೆಸುವುದು ಈಗಿನ ರೂಢಿ. ಹೊಡೆಸಲೇಬೇಕೆಂದಿದ್ದರೆ, ಚೌಕಟ್ಟು ಕೂರಿಸುವ ಕೆಲಸಗಾರರು ಪ್ಯಾರಾಪೆಟ್ಟಿನ ಉಬ್ಬಕ್ಷರಗಳನ್ನು ಚಾಣದಿಂದ ಒಡೆದು ಮಟ್ಟ ಮಾಡದಂತೆ ನೋಡಿಕೊಳ್ಳಿ. ಚೌಕಟ್ಟನ್ನು ನಾಲ್ಕು ಅಂಗುಲ ಮುಂದಕ್ಕೆ ನಿಲ್ಲಿಸಿದರೆ ಅಕ್ಷರಗಳು ಹಿಂದೆ ಹಾಗೆಯೇ ಇರುತ್ತವೆ. ಅದಕ್ಕೆ ತಗಲುವುದು ಸ್ವಲ್ಪ ಹೆಚ್ಚಿನ ಕಬ್ಬಿಣ ಮಾತ್ರ.